ಮೊದಲು ನೀನು ಹೇಳು

ಆ ಮನೆಯಲ್ಲಿ ರುಚಿ ನೋಡುವುದಕ್ಕೆ ಇದ್ದದ್ದು ಅಕ್ಕನ ನಾಲಿಗೆ. ತಂಗಿಯ ನಾಲಿಗೆ ಇದ್ದದ್ದು ಬರೀ ಮಾತಾಡುವುದಕ್ಕೆ. ಹೀಗೆಂದು ಅಕ್ಕನೇ ಹೇಳುತ್ತಿದ್ದಳು, ಅದೂ ಬಂದವರೆಲ್ಲರ ಎದುರಿಗೆ. ತಂಗಿ ನಗುತ್ತಿದ್ದಳು, ಒಳಗೊಳಗೇ ಉರಿಯುತ್ತಲೂ ಇದ್ದಳು. ಕೋಕೋ ಬೀಜ ಆರಿಸುವವಳು ಅವಳು, ಹುರಿಯುವವಳು ಅವಳು, ಸಿಪ್ಪೆ ತೂರಿ ಕಲ್ಲಿನ ಯಂತ್ರಕ್ಕೆ ಹಾಕಿ ದಿನಗಟ್ಟಲೆ ಅರೆದು ಅಚ್ಚಿಗೆ ಹೊಯ್ಯುವವಳೂ ಅವಳೇ. ಕೊನೆಗೆ ಒಂದು ಚೂರು ಚಾಕೊಲೇಟನ್ನು ಬಾಯಿಗೆ ಹಾಕಿಕೊಂಡು 'ಇದು ಹೋಗಲಿ', 'ಇದು ಬೇಡ' ಎನ್ನುವವಳು ಮಾತ್ರ ಅಕ್ಕ. ಮೈ ಮುರಿದು ಮಾಡಿದವಳಿಗೆ ಒಂದು ಮಾತಿಲ್ಲ, ಕೂತು ತಿಂದವಳಿಗೆ ನೂರು ಮಾತು ಎಂದು ತಂಗಿ ಪಾತ್ರೆ ತೊಳೆಯುತ್ತಾ ಗೊಣಗುತ್ತಿದ್ದಳು.

ಆದರೆ ಅಕ್ಕನ ಮಾತು ಸುಳ್ಳಾದದ್ದನ್ನು ಯಾರೂ ಕಂಡಿರಲಿಲ್ಲ. ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ, ಹಿಂದಿನ ಚಿಕ್ಕ ಕೋಣೆಯಲ್ಲಿ ಅವಳು ಕೂರುತ್ತಿದ್ದಳು. ಮೇಜಿನ ಮೇಲೆ ಬಿಳಿ ತಟ್ಟೆ, ಉಗುರುಬೆಚ್ಚಗಿನ ನೀರು, ನಡುನಡುವೆ ಬಾಯಿ ಶುದ್ಧ ಮಾಡಿಕೊಳ್ಳಲು ಸಪ್ಪೆ ಬ್ರೆಡ್ಡಿನ ಒಂದು ತುಂಡು. ಆ ಕೋಣೆಗೆ ಘಮಘಮ ಸೋಪು ಹಚ್ಚಿಕೊಂಡು ಬರುವ ಹಾಗಿಲ್ಲ. ವಯಸ್ಸಿಗೆ ಬಂದ ಹೊಸದರಲ್ಲಿ ತಂಗಿ ಒಮ್ಮೆ ಮುಖಕ್ಕೆ ಕ್ರೀಮು ಹಚ್ಚಿಕೊಂಡು ಬಂದಿದ್ದಕ್ಕೆ, ಅಕ್ಕ ಅವಳ ಕಿವಿ ಹಿಡಿದು ನಲ್ಲಿಯ ಹತ್ತಿರ ನಿಲ್ಲಿಸಿದ್ದಳು. ಚಾಕೊಲೇಟನ್ನು ಕಿವಿಯ ಹತ್ತಿರ ಹಿಡಿದು ಮುರಿಯಬೇಕು, ಚಟ್ ಎನ್ನಬೇಕು. ಆಮೇಲೆ ಮೂಸಬೇಕು. ಬಾಯಿಗೆ ಹಾಕಿದ ಮೇಲೆ ಅಗಿಯಬಾರದು, ಕರಗುವ ತನಕ ತುಟಿ ಬಿಚ್ಚಬಾರದು. ಎಲ್ಲಾ ಮುಗಿದ ಮೇಲೆ ಅಕ್ಕ ಕಣ್ಣು ಬಿಟ್ಟು, "ಬೀಜ ಒಣಗಿಸಿದ ಕಡೆ ಯಾರೋ ಒಲೆ ಹಚ್ಚಿದ್ದಾರೆ, ಹೊಗೆ ಹಿಡಿದಿದೆ" ಎಂದರೆ ಮುಗಿಯಿತು. ವಿಚಾರಿಸಿದರೆ ಒಲೆ ಹಚ್ಚಿರುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಡುವ ಮಾತು ಅವಳ ಬಾಯಲ್ಲಿ ಬರುತ್ತಲೇ ಇರಲಿಲ್ಲ.

ತಂಗಿಯ ಪಾಲಿಗೆ ಅವಳು ಬರೀ ಅಕ್ಕನಲ್ಲ. ಅಮ್ಮ ತೀರಿಕೊಂಡಾಗ ತಂಗಿಗೆ ತನ್ನ ಜಡೆ ತಾನು ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ಜಡೆ ಹಾಕಿದವಳು, ಶಾಲೆಗೆ ಕಳಿಸಿದವಳು, ಕೊನೆಗೆ ಗಂಡು ನೋಡಿದವಳೂ ಅಕ್ಕನೇ. ಬಂದ ಗಂಡುಗಳಿಗೆಲ್ಲ ಒಂದೊಂದು ಚೂರು ಚಾಕೊಲೇಟು ಕೊಟ್ಟು ಮುಖ ನೋಡಿದಳಂತೆ. ಈಗಿನ ಗಂಡ ಅದನ್ನು ಕಡಲೆಬೀಜದ ಹಾಗೆ ಕರಕರ ಅಗಿದು ನುಂಗಿ, "ಚೆನ್ನಾಗಿದೆ, ಇನ್ನೊಂದು ಕೊಡಿ" ಎಂದನಂತೆ. "ಇವನಿಗೆ ಬಾಯಿರುಚಿ ಅನ್ನೋದೇ ಇಲ್ಲ ಕಣೇ ಗುಬ್ಬಿ, ಏನು ಮಾಡಿ ಹಾಕಿದ್ರೂ ತಿಂತಾನೆ, ಮದುವೆ ಮಾಡ್ಕೋ" ಎಂದಿದ್ದಳು ಅಕ್ಕ. ಆ ಮನುಷ್ಯ ರೈಲಿನ ಡ್ರೈವರ್. ಮನೆಯಲ್ಲಿರುವುದಕ್ಕಿಂತ ದಾರಿಯಲ್ಲಿರುವುದೇ ಹೆಚ್ಚು. ಹಾಗಾಗಿ ಮದುವೆಯಾದ ಮೇಲೂ ಮನೆಯಲ್ಲಿ ಉಳಿದವರು ಅಕ್ಕ ತಂಗಿ ಇಬ್ಬರೇ.

ಹೋದ ವರ್ಷ ಅಕ್ಕನ ಗಂಟಲಲ್ಲಿ ಗಡ್ಡೆ ಎದ್ದಿತು. ಆಸ್ಪತ್ರೆಯಲ್ಲಿ ವಾರಗಟ್ಟಲೆ ಕಿರಣಗಳನ್ನು ಹಾಯಿಸಿ ಅದನ್ನು ಸುಟ್ಟರು. ಬಾಯೊಳಗೆಲ್ಲ ಹುಣ್ಣಾಯಿತು, ಎಂಜಲು ಬತ್ತಿತು, ರುಚಿ ಹೋಯಿತು. ರುಚಿ ನಿಧಾನವಾಗಿ ಹಿಂದಿರುಗಬಹುದು ಎಂದರು ಡಾಕ್ಟರು. ಸ್ವಲ್ಪ ಕಾಲವಾದ ಮೇಲೆ ಒಂದು ಬೆಳಗ್ಗೆ ಅಕ್ಕ ತಾನಾಗಿಯೇ ಹಿಂದಿನ ಕೋಣೆಗೆ ಹೋಗಿ ಕುಳಿತು, "ರುಚಿ ಬಂತು ಕಣೇ, ತಟ್ಟೆ ತಗೊಂಡು ಬಾ" ಎಂದಳು. ತಂಗಿ ಆ ದಿನ ಸಂತೋಷಕ್ಕೆ ಅತ್ತಿದ್ದಳು. ಆದರೆ ಈಚೆಗೆ ಗಡ್ಡೆ ಮತ್ತೆ ಬಂದಿತು, ಈ ಸಲ ಎದೆಯೊಳಗೆ. ಇನ್ನು ಮಾಡುವಂಥದ್ದು ಹೆಚ್ಚೇನಿಲ್ಲ, ಮನೆಯಲ್ಲೇ ನೆಮ್ಮದಿಯಾಗಿ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದರು. ಆ ಮಾತನ್ನು ಇಬ್ಬರೂ ಒಟ್ಟಿಗೇ ಕೇಳಿದ್ದರು, ಮನೆಗೆ ಬಂದ ಮೇಲೆ ಇಬ್ಬರೂ ಎತ್ತಲಿಲ್ಲ.

ಹಿಂದಿನ ಕೋಣೆಯಲ್ಲಿ ಮಾತ್ರ ಒಂದು ಹೊಸ ಪದ್ಧತಿ ಶುರುವಾಗಿತ್ತು. ಮೊದಲೆಲ್ಲ ಅಕ್ಕನೇ ಹೇಳುತ್ತಿದ್ದಳು, ತಂಗಿ ಕೇಳುತ್ತಿದ್ದಳು. ರುಚಿ ಬಂತು ಎಂದ ದಿನದಿಂದ ಅಕ್ಕ, "ಮೊದಲು ನೀನು ಹೇಳು" ಎನ್ನತೊಡಗಿದಳು.

"ಹುಳಿ ಇದೆ" ಎಂದರೆ, "ಯಾವ ಹುಳಿ? ನಿಂಬೆದಾ, ಮೊಸರಿಂದಾ?"

"ಮೊಸರಿಂದು."

"ಮೊದಲು ಬರುತ್ತಾ, ಆಮೇಲೆ ಬರುತ್ತಾ?"

"ಮಧ್ಯದಲ್ಲಿ."

"ಮುಖ ಯಾಕೆ ಹಾಗೆ ಮಾಡ್ದೆ? ಇನ್ನೂ ಏನೋ ಇದೆ, ಸರಿಯಾಗಿ ನೋಡು."

ನೋಡಿದರೆ ಇನ್ನೂ ಏನೋ ಇರುತ್ತಿತ್ತು, ಒಣದ್ರಾಕ್ಷಿಯದೋ, ಹಸಿ ಹುಲ್ಲಿನದೋ ಒಂದು ಎಳೆ. ಅಕ್ಕ ಹೋಗುವ ಮುಂಚೆ ತನಗೆ ಕಲಿಸುತ್ತಿದ್ದಾಳೆ ಎಂದುಕೊಂಡಳು ತಂಗಿ. ಕಲಿಯುವುದಕ್ಕೇನೋ ಸಿದ್ಧಳಾಗಿದ್ದಳು, ಆದರೆ ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು: ಚೆನ್ನಾಗಿ ಹೇಳಿದೆ. ಇಷ್ಟು ವರ್ಷದಲ್ಲಿ ಅಕ್ಕನ ಬಾಯಿಂದ ಅದು ಬಂದಿರಲಿಲ್ಲ. ಇನ್ನು ಬರುವುದಕ್ಕೆ ಕಾಲವೂ ಹೆಚ್ಚು ಉಳಿದಿರಲಿಲ್ಲ. ಅದನ್ನು ನೆನೆದಾಗಲೆಲ್ಲ ತಂಗಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಗುತ್ತಿತ್ತು.

ಪರೀಕ್ಷಕರು ಬರುವ ಹಿಂದಿನ ದಿನ ಆ ಸಿಟ್ಟು ಹೊರಗೆ ಬಂತು. ಪರೀಕ್ಷಕರೆಂದರೆ ಸಣ್ಣ ತಯಾರಕರ ಚಾಕೊಲೇಟುಗಳನ್ನೆಲ್ಲ ರುಚಿ ನೋಡಿ, ಯಾವುದು ಮೇಲು ಯಾವುದು ಕೀಳು ಎಂದು ಹೇಳುವ ಹಿರಿಯರು. ಅವರ ಮೂಗು ಅವರಿಗಿಂತ ಒಂದು ಹೆಜ್ಜೆ ಮುಂದೆ ಬಾಗಿಲು ದಾಟುತ್ತಿದ್ದುದರಿಂದ ಅಕ್ಕ ತಂಗಿ ತಮ್ಮತಮ್ಮಲ್ಲೇ ಅವರನ್ನು ಮೂಗಪ್ಪನವರು ಎನ್ನುತ್ತಿದ್ದರು. ಪ್ರತಿ ವರ್ಷ ಅವರು, ಯಾರದೆಂದು ತಿಳಿಯದ ಹಾಗೆ ಕಾಗದ ಬಿಚ್ಚಿದ ಬೇರೆಯವರ ಚಾಕೊಲೇಟುಗಳನ್ನು ತಂದು, ತಾವು ತೀರ್ಪು ಕೊಡುವ ಮುಂಚೆ ಅಕ್ಕನ ಬಾಯಲ್ಲಿ ಒಂದು ಮಾತು ಕೇಳಿಕೊಂಡು ಹೋಗುತ್ತಿದ್ದರು.

ಆ ಬೆಳಗ್ಗೆ ತಂಗಿ ತಟ್ಟೆ ಇಟ್ಟ ಕೂಡಲೇ ಅಕ್ಕ ಎಂದಿನಂತೆ, "ಮೊದಲು ನೀನು ಹೇಳು" ಎಂದಳು.

"ನಾನು ಹೇಳಲ್ಲ" ಎಂದಳು ತಂಗಿ. "ನಾನು ಹೇಳೋದು, ನೀನು ಹುಳುಕು ಹುಡುಕೋದು. ಸಾಕಾಯ್ತು. ಇವತ್ತು ನೀನೇ ಹೇಳು. ನೀನು ಹೇಳೋ ತನಕ ನಾನು ಬಾಯಿಗೇ ಹಾಕಲ್ಲ."

"ಹಟ ಮಾಡಬೇಡ್ವೇ."

"ಹಟ ಕಲಿತಿದ್ದು ಯಾರಿಂದ?"

ಅಕ್ಕ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಒಂದು ಚೂರು ತೆಗೆದುಕೊಂಡು ಕಿವಿಯ ಹತ್ತಿರ ಮುರಿದು, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಬಹಳ ಹೊತ್ತು ಹಾಗೇ ಕೂತಿದ್ದಳು. "ಹುರಿದದ್ದು ಹದವಾಗಿದೆ" ಎಂದಳು ಕೊನೆಗೆ. "ಸಿಹಿ ಮಾತ್ರ ಒಂಚೂರು ಮುಂದಾಯ್ತು."

ತಂಗಿಗೆ ರೇಗಿತು. ಸಕ್ಕರೆಯನ್ನು ಅವಳು ಕೈಯಾರೆ ತೂಕ ಮಾಡಿ ಹಾಕಿದ್ದಳು. ಜಗಳಕ್ಕೆ ಸಿದ್ಧಳಾಗಿಯೇ ಒಂದು ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡಳು.

ಅದರಲ್ಲಿ ಸಕ್ಕರೆ ಇರಲೇ ಇಲ್ಲ. ಸಕ್ಕರೆ ಸೇರಿಸುವ ಮುಂಚೆ ಒಂದು ಅಚ್ಚಿಗೆ ಬರೀ ಕೋಕೋ ಹೊಯ್ದು ಇಡುವುದು ಅವರ ರೂಢಿ. ಮುಂದೆ ರುಚಿಯಲ್ಲಿ ಎಡವಟ್ಟಾದರೆ ತಪ್ಪು ಬೀಜದ್ದೋ ಬೇರೆಯದ್ದೋ ಎಂದು ತಿಳಿಯಬೇಕಲ್ಲ. ಎರಡಕ್ಕೂ ಅಚ್ಚು ಒಂದೇ, ಬಣ್ಣವೂ ಹತ್ತಿರಹತ್ತಿರ ಒಂದೇ. ಸಿಟ್ಟಿನ ಭರದಲ್ಲಿ ಅವಳು ಕಪಾಟಿನಿಂದ ತಂದದ್ದು ಅದನ್ನು. ಬಾಯಿತುಂಬ ಕಹಿ ಹರಡಿ ಗಂಟಲಿಗೆ ಇಳಿಯಿತು.

ಅಕ್ಕ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ತಲೆ ಎತ್ತಿದಳು. ಅಕ್ಕ ಕಣ್ಣು ಬಿಟ್ಟುಕೊಂಡು ತಂಗಿಯ ಮುಖವನ್ನೇ ನೋಡುತ್ತಿದ್ದಳು. ಕತ್ತಲಲ್ಲಿ ಕಲ್ಲು ಎಸೆದು ಅದು ಎಲ್ಲಿ ಬಿತ್ತೋ ಎಂದು ಕಿವಿಗೊಡುವವರ ಮುಖ ಅದು. ತಂಗಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಅಕ್ಕನಿಗೆ ರುಚಿ ಬಂದೇ ಇರಲಿಲ್ಲ. ಇಷ್ಟು ದಿನವೂ ಅವಳು ನೋಡುತ್ತಿದ್ದದ್ದು ಚಾಕೊಲೇಟಿನ ರುಚಿಯನ್ನಲ್ಲ, ತಂಗಿಯ ಮುಖವನ್ನು.

ಮುಖ ಸಿಂಡರಿಸಬಾರದು. ಅದೊಂದೇ ಅವಳಿಗೆ ಆಗ ಹೊಳೆದದ್ದು. ಬಾಯಲ್ಲಿದ್ದ ಕಹಿಯನ್ನು ಹಾಗೇ ಇಟ್ಟುಕೊಂಡು, ಕರಗುವ ತನಕ ಕೂತು, "ಹೌದಕ್ಕ, ಸಿಹಿ ಜಾಸ್ತಿಯಾಯ್ತು. ಮುಂದಿನ ಸಲ ಕಡಿಮೆ ಮಾಡ್ತೀನಿ" ಎಂದಳು.

"ಹೇಳಿದ್ನಲ್ಲ" ಎಂದಳು ಅಕ್ಕ. ಅವಳ ಭುಜಗಳು ಸಡಿಲವಾದವು.

ಅಡಿಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ತಂಗಿ ಅತ್ತಳು. ಒಂದೊಂದೇ ನೆನಪಾಯಿತು. ಹಾಲು ಕೆಟ್ಟಿದ್ದ ದಿನ ಅಕ್ಕ ಆ ಹಾಲಿನ ಟೀಯನ್ನೇ ಪೂರ್ತಿ ಕುಡಿದು ಲೋಟ ಕೆಳಗಿಟ್ಟಿದ್ದಳು. ಸಾರಿಗೆ ಉಪ್ಪು ಮರೆತ ದಿನ 'ಚೆನ್ನಾಗಿದೆ' ಎಂದಿದ್ದಳು, ಉಪ್ಪಿಗೆ ಜಗಳ ಕಾಯುತ್ತಿದ್ದ ಅಕ್ಕ. ಕಾಯಿಲೆಯವರ ಒಳ್ಳೆಯತನ ಎಂದುಕೊಂಡಿದ್ದಳು ತಂಗಿ. ಹಾಗಾದರೆ ಈ ತಿಂಗಳುಗಳಲ್ಲಿ ಮನೆಯಿಂದ ಹೊರಗೆ ಹೋದ ಚಾಕೊಲೇಟಿಗೆಲ್ಲ ಒಪ್ಪಿಗೆ ಕೊಟ್ಟ ನಾಲಿಗೆ ಯಾರದು? ತನ್ನದೇ. ಬೇಕು ಬೇಕೆಂದು ಒಳಗೊಳಗೇ ಹಂಬಲಿಸಿದ ಅಕ್ಕನ ಜಾಗ ಇಷ್ಟು ದಿನದಿಂದ ಕೈಯಲ್ಲೇ ಇತ್ತು, ಅದು ಹೀಗೆ ಬಂದಿದ್ದಕ್ಕೆ ಅವಳಿಗೆ ಅದನ್ನು ಮುಟ್ಟಲೂ ಮನಸ್ಸಾಗಲಿಲ್ಲ.

ಮರುದಿನ ಮೂಗಪ್ಪನವರು ಬಂದರು. ಅಕ್ಕ ಬಡಕಲಾಗಿದ್ದನ್ನು ಕಂಡು ಒಂದು ಗಳಿಗೆ ನಿಂತರು, ಆದರೆ ಏನೂ ಕಾಣದವರಂತೆ ನಗುತ್ತಾ ಕೂತು, ಚೀಲದಿಂದ ಮೂರು ಚಾಕೊಲೇಟು ತೆಗೆದು ಬಿಳಿ ತಟ್ಟೆಯಲ್ಲಿಟ್ಟರು. ತಟ್ಟೆಯನ್ನು ಅಕ್ಕನ ಮುಂದೆ ಸರಿಸಿ, "ಹೇಳಿ ಅಕ್ಕಾವ್ರೇ, ನಿಮ್ಮ ಮಾತು ಕೇಳದೆ ನಾನು ಬಾಯಿಗೆ ಹಾಕೋನಲ್ಲ" ಎಂದರು.

ಅಕ್ಕ ತಂಗಿಯ ಕಡೆ ನೋಡಿ, "ಮೊದಲು ಇವಳು ಹೇಳಲಿ" ಎಂದಳು.

"ಅವರದು ಆಮೇಲೆ ಕೇಳೋಣ. ನಾನು ಬಂದಿದ್ದು ನಿಮಗೋಸ್ಕರ."

ಅಕ್ಕನ ಕೈ ತಟ್ಟೆಯ ಕಡೆಗೆ ಹೋಯಿತು. ಅಷ್ಟರಲ್ಲಿ ತಂಗಿ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಈ ಮನೇಲಿ ಈಗ ಮೊದಲು ಹೇಳೋದು ನಾನು" ಎಂದಳು.

ಮೂಗಪ್ಪನವರ ನಗು ನಿಂತಿತು. "ದೊಡ್ಡವರು ಕೂತಿರುವಾಗ..."

"ದೊಡ್ಡವರು ಹೇಳಿದ್ದು ಕೇಳಿ ಕೇಳಿ ಸಾಕಾಗಿದೆ ಸರ್. ಇನ್ನು ಎಷ್ಟು ದಿನ ಅವಳೇ ಹೇಳ್ತಾಳೆ?"

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ತಂಗಿ ನಾಲಿಗೆ ಕಚ್ಚಿಕೊಂಡಳು. ಆದರೆ ತಟ್ಟೆ ಬಿಡಲಿಲ್ಲ. ಒಂದೊಂದನ್ನೂ ಕಿವಿಯ ಹತ್ತಿರ ಮುರಿದು, ಮೂಸಿ, ಬಾಯಿಗೆ ಹಾಕಿ ಕರಗಿಸಿದಳು. ಮೊದಲನೆಯದು ಹುರಿದದ್ದು ಅತಿಯಾಗಿದೆ, ಕೊನೆಯಲ್ಲಿ ಸುಟ್ಟ ಬ್ರೆಡ್ಡು ಬರುತ್ತದೆ ಎಂದಳು. ಎರಡನೆಯದರ ಬೀಜ ಸರಿಯಾಗಿ ಹುಳಿಯುವ ಮುಂಚೆ ಒಣಗಿಸಿದ್ದಾರೆ, ಹಸಿ ಒಗರು ಹೋಗಿಲ್ಲ ಎಂದಳು. ಮೂರನೆಯದಕ್ಕೆ ಬಹಳ ಹೊತ್ತು ತೆಗೆದುಕೊಂಡಳು. "ಇದು ಒಳ್ಳೇದು. ಮೊದಲು ಕಿತ್ತಳೆ ಸಿಪ್ಪೆ, ಆಮೇಲೆ ಜೇನು. ಜೇನು ಹೋದ ಮೇಲೂ ಒಂದು ತಂಪು ಉಳಿಯುತ್ತೆ. ಮಾಡಿದವರು ಅವಸರ ಮಾಡಿಲ್ಲ."

ಮೂಗಪ್ಪನವರು ತಾವೂ ಒಂದೊಂದು ಚೂರು ಬಾಯಿಗೆ ಹಾಕಿ ನೋಡಿದರು. ಮುಖ ಬಿಗಿದುಕೊಂಡೇ ಅಕ್ಕನ ಕಡೆ ತಿರುಗಿ, "ನೀವೇನಂತೀರಿ?" ಎಂದು ಕೇಳಿದರು.

ಅಕ್ಕ ತಂಗಿಯನ್ನು ನೋಡುತ್ತಿದ್ದಳು. ತಟ್ಟೆ ಎಳೆದುಕೊಂಡ ಗಳಿಗೆಯಿಂದಲೂ ಅವಳ ಕಣ್ಣು ಅಲ್ಲಿಂದ ಕದಲಿರಲಿಲ್ಲ. "ನಂದೇನೂ ಉಳಿದಿಲ್ಲ" ಎಂದಳು. "ಚೆನ್ನಾಗಿ ಹೇಳಿದ್ದಾಳೆ. ನಾನು ಇದ್ದಿದ್ರೂ ಅಷ್ಟು ಚೆನ್ನಾಗಿ ಹೇಳ್ತಿರಲಿಲ್ಲ."

ಎದುರಿಗೇ ಕೂತವಳು 'ನಾನು ಇದ್ದಿದ್ರೂ' ಎಂದದ್ದನ್ನು ಮೂಗಪ್ಪನವರು ಗಮನಿಸಲಿಲ್ಲ. ತಂಗಿಗೆ ಕೇಳಿಸಿತು. ವರ್ಷಗಟ್ಟಲೆ ಕಾದ ಮಾತು ಬಂದಾಗ ಅವಳಿಗೆ ತಲೆ ಎತ್ತಲಾಗಲಿಲ್ಲ, ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡುತ್ತಾ ಕೂತಳು.

ಹೊರಡುವಾಗ ಮೂಗಪ್ಪನವರು ಬಾಗಿಲಲ್ಲಿ ದನಿ ತಗ್ಗಿಸಿದರು. "ನಿಮ್ಮ ನಾಲಿಗೆ ಚೆನ್ನಾಗಿದೆಯಮ್ಮ, ಇಲ್ಲ ಅನ್ನಲ್ಲ. ಆದ್ರೆ ಅವರು ಇರೋ ತನಕವಾದ್ರೂ ಆ ಜಾಗ ಅವರಿಗೆ ಬಿಡಬಹುದಿತ್ತು. ನಾಲ್ಕು ದಿನಕ್ಕೆ ಅಷ್ಟೊಂದು ಆತುರ ಯಾಕೆ?"

"ತಪ್ಪಾಯ್ತು ಸರ್" ಎಂದಳು ತಂಗಿ. ಬೇರೆ ಏನು ಹೇಳಿದರೂ ಅಕ್ಕನ ಗುಟ್ಟು ರಟ್ಟಾಗುತ್ತಿತ್ತು.

ಒಳಗೆ ಬಂದಾಗ ಅಕ್ಕ ಅದೇ ಕುರ್ಚಿಯಲ್ಲಿ ಕೂತಿದ್ದಳು. "ಯಾವಾಗ ಗೊತ್ತಾಯ್ತು?" ಎಂದು ಕೇಳಿದಳು.

"ನಿನ್ನೆ."

"ಸಿಹಿ ಜಾಸ್ತಿ ಅಂದೆ ನೋಡು, ಆಗ್ಲಾ? ಸಕ್ಕರೆ ಕಡಿಮೆ ಇತ್ತಾ?"

"ಇರಲೇ ಇಲ್ಲ ಅಕ್ಕ. ಬರೀ ಕೋಕೋ ತಂದಿಟ್ಟಿದ್ದೆ, ಗೊತ್ತಾಗದೆ."

ಅಕ್ಕ ನಗಲು ಹೋದಳು, ನಗು ಕೆಮ್ಮಾಯಿತು. "ಅಷ್ಟು ಕಹಿ ಇಟ್ಕೊಂಡು ಸಿಹಿ ಅಂದ್ಯಲ್ಲೇ, ಕಳ್ಳಿ" ಎಂದಳು. ಆಮೇಲೆ ಅವಳ ಕಣ್ಣು ತುಂಬಿತು. "ಹೇಳಬೇಕು ಅಂತ ಎಷ್ಟೋ ಸಲ ಬಾಯಿ ತೆಗೆದೆ ಕಣೇ ಗುಬ್ಬಿ. ನನ್ನ ಹತ್ತಿರ ಇದ್ದದ್ದು ಅದೊಂದೇ. ಅದೂ ಇಲ್ಲ ಅಂದ್ಮೇಲೆ ಈ ಮನೇಲಿ ನಾನು ಯಾತಕ್ಕೆ?"

"ಹಾಗನ್ನಬೇಡ."

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಂಗೆ ನೋಡು, ಮನೆ ತುಂಬ ಕಡಲೆ."

ತಂಗಿ ಅವಳ ತೊಡೆಯ ಮೇಲೆ ತಲೆ ಇಟ್ಟು ಅತ್ತಳು. ಚಿಕ್ಕವಳಿದ್ದಾಗ ಜಡೆ ಹಾಕಿಸಿಕೊಳ್ಳುವಾಗ ಹೀಗೇ ಕೂರುತ್ತಿದ್ದಳು. ಅಕ್ಕನ ಬೆರಳು ಅವಳ ಕೂದಲಲ್ಲಿ ಓಡಾಡಿತು. ಎಷ್ಟೋ ಹೊತ್ತಾದ ಮೇಲೆ ಅಕ್ಕ, "ಆ ಮೂರನೇದು ಉಳಿದಿದೆಯಾ?" ಎಂದು ಕೇಳಿದಳು.

ಒಂದು ತುಂಡು ಉಳಿದಿತ್ತು. ತಂಗಿ ಅದನ್ನು ಅಕ್ಕನ ಕಿವಿಯ ಹತ್ತಿರ ಹಿಡಿದು ಮುರಿದಳು. ಚಟ್ ಎಂದಿತು. "ಇದು ಇನ್ನೂ ಕೇಳಿಸುತ್ತೆ" ಎಂದಳು ಅಕ್ಕ. ಅರ್ಧವನ್ನು ಅಕ್ಕನ ಬಾಯಿಗಿಟ್ಟು, ಅರ್ಧವನ್ನು ತಾನು ಇಟ್ಟುಕೊಂಡಳು.

"ಈಗ ಹೇಳು" ಎಂದು ಅಕ್ಕ ಕಣ್ಣು ಮುಚ್ಚಿದಳು. "ನಂಗೆ ಹೇಳು."

ಆ ಕೋಣೆಯಲ್ಲಿ ಮೊದಲ ಸಲ, ಕರಗುವ ಮುಂಚೆಯೇ ತಂಗಿ ತುಟಿ ಬಿಚ್ಚಿದಳು. "ಮೊದಲು ಕಿತ್ತಳೆ ಅಕ್ಕ. ಹಣ್ಣಲ್ಲ, ಸಿಪ್ಪೆ. ಉಗುರಲ್ಲಿ ಚುಚ್ಚಿದ್ರೆ ಮುಖಕ್ಕೆ ಹಾರುತ್ತಲ್ಲ, ಅದು. ಈಗ ಸ್ವಲ್ಪ ಒಗರು. ಈಗ ಜೇನು ಬರ್ತಾ ಇದೆ..."

ಅಕ್ಕ ಕೈ ಚಾಚಿ ಅವಳ ಮೊಣಕೈ ಹಿಡಿದಳು. ಅವಳ ಒಣ ಬಾಯಿಯಲ್ಲಿ ಆ ಚೂರು ಇಟ್ಟ ಹಾಗೇ ಇತ್ತು.

"ನಿಧಾನ ಹೇಳೇ" ಎಂದಳು. "ನಂದಿನ್ನೂ ಕರಗಿಲ್ಲ."