ರೈಟಕ್ಕನ ಕಾಗುಣಿತ

"ಹಿಂದೆ ತಗೊಳ್ರೀ, ಇನ್ನೂ ಸ್ವಲ್ಪ ಹಿಂದೆ... ಎಡಕ್ಕೆ ಕಟ್ ಮಾಡಿ... ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ!"

ಬೆಂಚು ಬಾಗಿಲಿಗೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಒಳಗಿನಿಂದ ಇಬ್ಬರು ತಳ್ಳುತ್ತಿದ್ದರು, ಹೊರಗಿನಿಂದ ಇಬ್ಬರು ಎಳೆಯುತ್ತಿದ್ದರು. ಖಾಕಿ ಅಂಗಿಯ ಡ್ರೈವರ್ ಮಾತ್ರ ಬಸ್ಸನ್ನು ಗಲ್ಲಿಯಿಂದ ಹಿಂದಕ್ಕೆ ತೆಗೆಸುವವರ ಹಾಗೆ ಕೈ ಬೀಸುತ್ತ ನಿಂತಿದ್ದರು. ಹೆಣ ಹೊರಗೆ ಬರಬೇಕಾದರೆ ಮೊದಲು ಬೆಂಚು ಹೊರಗೆ ಬರಬೇಕು. ಬೆಂಚು ಮಾತ್ರ ಜಪ್ಪಯ್ಯ ಅಂದರೂ ಜರುಗಲೊಲ್ಲದು.

ಮೇಡಂ ಮೆಟ್ಟಿಲ ಮೇಲೆ ಚೀಲ ಹಿಡಿದುಕೊಂಡು ನಿಂತಿದ್ದರು. ಒಳಗೆ ಹೋಗುವ ಹಾಗಿಲ್ಲ, ವಾಪಸ್ ಹೋಗುವ ಹಾಗೂ ಇಲ್ಲ. ಅವರು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ತಂತ್ರಜ್ಞಾನದ ಪತ್ರಿಕೆ ಪಾಠ ಮಾಡುವವರು. ಒಳಗೆ ಮಲಗಿದ್ದವಳು ಅವರ ವಿದ್ಯಾರ್ಥಿನಿ. ವಯಸ್ಸಿನಲ್ಲಿ ಮೇಡಂಗಿಂತ ಮೂರು ವರ್ಷಕ್ಕೆ ದೊಡ್ಡವಳು.

ಚೀಲದೊಳಗೆ ಫೋನು ಮತ್ತೆ ನಡುಗಿತು. ಪ್ರಿನ್ಸಿಪಾಲರು.

"ಹೋದ್ರಾ ಮೇಡಂ? ಪಾಪ, ಒಳ್ಳೇ ಹೆಂಗಸು. ನಮ್ಮೆಲ್ಲರ ಪರವಾಗಿ ಹೇಳಿ. ಆಮೇಲೆ, ಅವರ ಹತ್ರ ಇರೋ ನಮ್ಮ ಟ್ಯಾಬ್ ಮರೀಬೇಡಿ. ಸೋಮವಾರ ಸ್ಟಾಕ್ ನೋಡೋಕೆ ಬರ್ತಾರೆ. ಲ್ಯಾಬಲ್ಲಿ ಆರು ಇರಬೇಕು, ಐದಿದೆ."

"ಸರ್, ಇನ್ನೂ ಹೊರಗೇ ತಂದಿಲ್ಲ ಅವರನ್ನ."

"ನಿಧಾನಕ್ಕೇ ಕೇಳಿ. ನಾನೇನು ಈಗಿಂದೀಗಲೇ ಕಿತ್ಕೊಂಡು ಬನ್ನಿ ಅಂದ್ನಾ?"

ಕೊನೆಗೆ ಯಾರೋ ಬೆಂಚಿನ ಒಂದು ಕಾಲನ್ನೇ ಬಿಚ್ಚಿದರು. ಬಿಚ್ಚಿದವನು ಅವಳ ಗಂಡ. ಡಿಪೋದಲ್ಲಿ ಮೆಕ್ಯಾನಿಕ್ಕು. ಹೆಂಡತಿಯ ಹೆಣ ಎತ್ತುವ ದಿನವೂ ಅವನ ಜೇಬಿನಲ್ಲಿ ಸ್ಪ್ಯಾನರ್ ಇತ್ತು. ಮೇಡಂ ಮುಖ ನೋಡಿ ಅವನು ಕೈ ಒರೆಸಿಕೊಂಡ.

"ಬನ್ನಿ ಮೇಡಂ. ಅವಳು ನಿಮ್ಮ ವಿಷಯಾನೇ ಹೇಳ್ತಿದ್ಲು ಯಾವಾಗ್ಲೂ. ಹೇಳೋದು ಅಂದ್ರೆ... ಬರೆದು ತೋರಿಸ್ತಿದ್ಲು."

ಒಳಗೆ ಕಾಲಿಡುವಾಗ ಮೇಡಂಗೆ ಒಂದೇ ಚಿಂತೆ: ಈ ಮನುಷ್ಯ ಫಲಿತಾಂಶ ಕೇಳದಿದ್ದರೆ ಸಾಕು. ಇವತ್ತು ಗುರುವಾರ. ಶನಿವಾರ ಪಟ್ಟಿಯನ್ನು ಬೋರ್ಡಿಗೆ ಹಾಕುತ್ತಾರೆ. ಅದರಲ್ಲಿ ಏನಿದೆ ಎಂಬುದು ಆ ಮನೆಯಲ್ಲಿ ಮೇಡಂ ಒಬ್ಬರಿಗೇ ಗೊತ್ತಿತ್ತು.

*

ಹದಿನಾಲ್ಕು ವರ್ಷ ಅವಳು ಬಸ್ ಕಂಡಕ್ಟರ್. 'ರೈಟ್ ರೈಟ್' ಎಂದು ಅವಳು ಕೂಗಿದರೆ ಮುಂದಿನ ಸ್ಟಾಪಿನವರೂ ಚೀಲ ಎತ್ತಿಕೊಳ್ಳುತ್ತಿದ್ದರಂತೆ. ಡಿಪೋದವರಿಗೆಲ್ಲ ಅವಳು ರೈಟಕ್ಕ. ಟ್ರಿಪ್ಪು ಟ್ರಿಪ್ಪಿನ ನಡುವೆ ಹಿಂದಿನ ಸೀಟಿನಲ್ಲಿ ಕೂತು ಓದಿ ಪದವಿ ಮುಗಿಸಿದಳು. ಟೀಚರಾಗಬೇಕು ಎಂದು ನಲವತ್ತೊಂದನೆಯ ವಯಸ್ಸಿನಲ್ಲಿ ತರಬೇತಿಗೆ ಸೇರಿದಳು. ಕೊನೆಯ ಬೆಂಚಿನಿಂದ ಅವಳು 'ಹಾಜರ್' ಅಂದರೆ ಕಿಟಕಿಯ ಗಾಜು ಗುಂಯ್ ಅನ್ನುತ್ತಿತ್ತು.

ಮೊದಲ ವರ್ಷದ ಕೊನೆಯಲ್ಲಿ ಗಂಟಲು ಕಟ್ಟಿತು. ಸೀಮೆಸುಣ್ಣದ ಪುಡಿ ಎಂದುಕೊಂಡರು. ಗಡ್ಡೆಯಾಗಿತ್ತು. ಗಡ್ಡೆಯ ಜೊತೆ ದನಿಯ ಪೆಟ್ಟಿಗೆಯನ್ನೂ ತೆಗೆದರು.

ಇನ್ನು ಬರುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದಾಗ ಎರಡನೇ ವರ್ಷದ ಮೊದಲ ದಿನವೇ ಬಂದು ಕೂತಿದ್ದಳು, ಕೊರಳಿಗೆ ನೀಲಿ ಬಟ್ಟೆ ಸುತ್ತಿಕೊಂಡು. ಮೇಡಂ ಮುಂದೆ ಒಂದು ಚೀಟಿ ಹಿಡಿದಳು: 'ಮಾತಾಡುವ ಮೆಷಿನ್ನು ಇದೆಯಂತೆ. ನಿಮ್ಮದೇ ವಿಷಯ. ಹೇಳಿಕೊಡಿ.'

ಮೇಡಂ ಆ ಚೀಟಿಯನ್ನು ಎರಡು ಸಲ ಓದಿದರು. ಒಂಬತ್ತು ವರ್ಷದಿಂದ ಅವರು ತರಗತಿಯಲ್ಲಿ ತಂತ್ರಜ್ಞಾನ ಹೇಗೆ ಬಳಸಬೇಕು ಎಂದು ಹಳದಿಗಟ್ಟಿದ ನೋಟ್ಸಿನಿಂದ ಬರೆಸುತ್ತಿದ್ದರು. ಲ್ಯಾಬಿನ ಸ್ಮಾರ್ಟ್ ಬೋರ್ಡು ಕೆಟ್ಟು ಎರಡು ವರ್ಷವಾಗಿತ್ತು. ಧೂಳು ಕೂರದಿರಲಿ ಎಂದು ಅದರ ಮೇಲೊಂದು ಹಳೆಯ ಪರದೆ ಹೊದಿಸಿದ್ದರು. 'ನನಗೂ ಗೊತ್ತಿಲ್ಲಮ್ಮ, ಇಬ್ಬರೂ ಸೇರಿ ಕಲಿಯೋಣ' ಎನ್ನುವ ಮಾತು ನಾಲಿಗೆಯ ತುದಿವರೆಗೆ ಬಂತು. ಬಾಯಿಂದ ಹೊರಟದ್ದು ಬೇರೆ.

"ಪ್ರಯತ್ನ ಮಾಡ್ತಾ ಇರಿ. ತಾನಾಗೇ ಬರುತ್ತೆ."

ಬರೆದದ್ದನ್ನು ಗಟ್ಟಿಯಾಗಿ ಓದುವ ಒಂದು ಟ್ಯಾಬ್ ಕೊಡಿಸಿ ಕೈ ತೊಳೆದುಕೊಂಡರು.

ಮೊದಲ ಅಭ್ಯಾಸ ಪಾಠ ನಗೆಪಾಟಲಾಯಿತು. ರೈಟಕ್ಕ ಬೆರಳೊತ್ತಿದಳು. ಒಳಗಿನ ಹೆಂಗಸು ಮೂಗು ಹಿಡಿದುಕೊಂಡ ದನಿಯಲ್ಲಿ 'ಇದು ಮರ್. ಇದು ಕಾಂಡ್' ಅಂದಳು. ಪದದ ಬಾಲ ಕಂಡರೆ ಆ ಯಂತ್ರಕ್ಕೆ ಆಗುತ್ತಿರಲಿಲ್ಲ, ಕಚ್ಚಿ ಹಾಕುತ್ತಿತ್ತು. 'ಎಲ್ಲರೂ ಬರೆಯಿರಿ' ಎನ್ನುವುದನ್ನು ಸತ್ತ ಸುದ್ದಿ ಓದುವ ಹಾಗೆ ಓದಿತು. ಐದನೇ ತರಗತಿಯ ಮಕ್ಕಳು ಬಿದ್ದು ಬಿದ್ದು ನಕ್ಕರು. ಒಂದು ಮಗು ಎದ್ದು ನಿಂತು, "ಮಿಸ್, ಇದಕ್ಕೆ ನೆಗಡಿ ಆಗಿದ್ಯಾ?" ಎಂದು ಕೇಳಿತು.

ಅವಳು ಸ್ಟಾಫ್ ರೂಮಿಗೆ ಬಂದು ಟ್ಯಾಬನ್ನು ಮೇಜಿನ ಮೇಲೆ ಧಪ್ಪನೆ ಇಟ್ಟಳು. ಬೈಯಬೇಕೆಂದರೂ ದನಿ ಇಲ್ಲ. ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು. ಮೇಡಂ ಉತ್ತರಪತ್ರಿಕೆ ತಿದ್ದುವವರಂತೆ ತಲೆ ತಗ್ಗಿಸಿಕೊಂಡಿದ್ದರು.

ಮೂರು ವಾರ ಕಳೆದ ಮೇಲೆ ಅವಳ ಪಕ್ಕದ ಬೆಂಚಿನ ಹುಡುಗಿ ಓಡಿ ಬಂದು ಹೇಳಿದಳು: "ಮೇಡಂ, ರೈಟಕ್ಕ ಕಂಡುಹಿಡಿದುಬಿಟ್ರು! ಸರಿಯಾಗಿ ಬರೆದ್ರೆ ಅದು ತಪ್ಪಾಗಿ ಓದುತ್ತೆ. ಅದಕ್ಕೆ ಅವರು ತಪ್ಪಾಗಿ ಬರೀತಾರೆ, ಅದು ಸರಿಯಾಗಿ ಓದುತ್ತೆ!"

'ಮರ' ಎಂದು ಬರೆದರೆ 'ಮರ್'. 'ಮರಾ' ಎಂದರೆ ವಿಪರೀತ ಎಳೆಯುತ್ತದೆ. 'ಮರಃ' ಎಂದು ಎರಡು ಸೊನ್ನೆ ಇಟ್ಟರೆ ತಣ್ಣಗೆ, ತಾಯಿ ಹೇಳಿದ ಹಾಗೆ, 'ಮರ'. ಪ್ರಶ್ನೆ ಕೇಳಬೇಕಾದರೆ ಕೊನೆಗೆ ಎರಡು ದೀರ್ಘ. ಗದರಬೇಕಾದರೆ ಆರು 'ಏ'. ಇನ್ನೂರು ಪುಟದ ನೋಟ್ ಪುಸ್ತಕದಲ್ಲಿ ಎಡಕ್ಕೆ ಸರಿಯಾದ ಪದ, ಬಲಕ್ಕೆ ತಪ್ಪು ಪದ. ಹಗಲೆಲ್ಲ ಅದೇ ಕೆಲಸ. ಒಂದೊಂದು ಪದಕ್ಕೆ ಹತ್ತು ಸಲ ಬೆರಳೊತ್ತಿ, ಕಿವಿಯನ್ನು ಟ್ಯಾಬಿಗೆ ಆನಿಸಿ ಕೇಳುವುದು. 'ಹೃದಯ' ಎನ್ನುವ ಒಂದು ಪದಕ್ಕೆ ಎರಡು ದಿನ ತಗೊಂಡಳಂತೆ, ಕೊನೆಗೂ ಬಗ್ಗಲಿಲ್ಲ. 'ಎದೆ' ಎಂದು ಬದಲಾಯಿಸಿಕೊಂಡಳಂತೆ.

"ಚೆನ್ನಾಗಿದೆ," ಎಂದಿದ್ದರು ಮೇಡಂ. ಆ ಪುಸ್ತಕವನ್ನು ಅವರು ತೆರೆದು ನೋಡಲಿಲ್ಲ.

*

ಗಾಡಿ ಬಂತು. ರೈಟಕ್ಕನ ಬಸ್ಸಿನ ಡ್ರೈವರ್ ಮುಂದೆ ಹತ್ತಲಿಲ್ಲ, ಹಿಂದೆ ಹೆಣದ ಪಕ್ಕ ಕೂತರು. "ಹನ್ನೊಂದು ವರ್ಷ ಮುಂದೇನೇ ಕೂತಿದ್ದೀನಿ. ಇವತ್ತಾದ್ರೂ ಹಿಂದೆ ಕೂತ್ಕೋತೀನಿ," ಎಂದರು. ಅವರ ಎದುರಿಗೆ ಮೇಡಂ, ಪಕ್ಕದ ಬೆಂಚಿನ ಹುಡುಗಿ, ಅವಳ ತೊಡೆಗೆ ಒರಗಿಕೊಂಡು ರೈಟಕ್ಕನ ಒಂಬತ್ತು ವರ್ಷದ ಮಗಳು.

"ಮಂಗಳವಾರ ಜ್ವರ ಬಂತಂತೆ," ಡ್ರೈವರ್ ಯಾರಿಗೆಂದಿಲ್ಲದೆ ಹೇಳಿದರು. "ಬುಧವಾರ ಬೆಳಿಗ್ಗೆ ಎದೆಗೆ ಇಳೀತಂತೆ. ಮಧ್ಯಾಹ್ನ ಆಗೋ ಹೊತ್ತಿಗೆ ಇಲ್ಲ. ಏನ್ ಬದುಕೋ! ಬಸ್ಸಾದ್ರೂ ಕೆಡೋ ಮುಂಚೆ ಸದ್ದು ಮಾಡುತ್ತೆ."

ಗಾಡಿ ಹಳ್ಳಕ್ಕೆ ಇಳಿದು ಎದ್ದಿತು. ಹುಡುಗಿ ಮೇಡಂ ಕಡೆ ಬಾಗಿ ಪಿಸುಗುಟ್ಟಿದಳು.

"ಮೇಡಂ, ರೈಟಕ್ಕಂಗೆ ಎಷ್ಟು ಬಂತು?"

"ಈಗ ಅದೆಲ್ಲ ಯಾಕೆ?"

"ನಿಮಗೆ ಗೊತ್ತಲ್ವಾ."

ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು. ದಾರಿಯುದ್ದಕ್ಕೂ ಹುಡುಗಿಯ ಕಣ್ಣು ತಮ್ಮ ಕೆನ್ನೆಯ ಮೇಲೇ ಇದೆ ಎಂದು ಮೇಡಂಗೆ ಗೊತ್ತಾಗುತ್ತಿತ್ತು.

*

ಕೊನೆಯ ಪಾಠದ ದಿನ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಕಾಲೇಜಿನ ಪರವಾಗಿ ಮೇಡಂ. ಒಂದೇ ದಿನಕ್ಕೆ ಹತ್ತೊಂಬತ್ತು ಪಾಠ. ರೈಟಕ್ಕನದು ಹದಿನೇಳನೆಯದು. ಮೇಡಂಗೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು.

ಪಾಠ ಶುರುವಾಯಿತು. ಯಾರೂ ನಗಲಿಲ್ಲ. ಯಂತ್ರ ಮಾತಾಡುತ್ತಿತ್ತು, ರೈಟಕ್ಕ ಬೆಂಚುಗಳ ನಡುವೆ ಓಡಾಡುತ್ತಿದ್ದಳು, ತುಂಬಿದ ಬಸ್ಸಿನಲ್ಲಿ ಓಡಾಡಿದ ಹಾಗೆ, ಒಬ್ಬರನ್ನೂ ಬಿಡದೆ. ಯಂತ್ರ ಹೇಳುವುದು, ಅವಳು ತೋರಿಸುವುದು, ಮಕ್ಕಳು ಬರೆಯುವುದು. ಮಾತು ಎಲ್ಲಿಂದ ಬರುತ್ತಿದೆ ಎಂಬುದನ್ನು ಮಕ್ಕಳು ಐದು ನಿಮಿಷದಲ್ಲಿ ಮರೆತೇಬಿಟ್ಟರು. ಮೇಡಂ ಸಹ ಮರೆತರು. ತಮ್ಮ ಒಂಬತ್ತು ವರ್ಷದಲ್ಲಿ ನೋಡಿದ ಮೊದಲ ನಿಜವಾದ ಪಾಠ ಇದು ಎಂದು ಒಂದು ಕ್ಷಣ ಅನ್ನಿಸಿತು ಕೂಡ.

ಪರೀಕ್ಷಕರು ಎದ್ದು ಹೋಗಿ ಟ್ಯಾಬಿನ ಪರದೆ ನೋಡಿದರು. ಹುಬ್ಬು ಮೇಲೇರಿತು.

"ಇದೇನ್ರೀ ಇದು? 'ಮರಃ'? 'ನೀರಿಗೇಎ'? ಸಾಲಿಗೆ ನಾಲ್ಕು ತಪ್ಪು! ಮಕ್ಕಳಿಗೆ ಕಾಗುಣಿತ ಕಲಿಸೋರು ಬರೆಯೋ ಕನ್ನಡವಾ ಇದು?"

ರೈಟಕ್ಕ ಟ್ಯಾಬನ್ನು ಎಳೆದುಕೊಂಡು ಟೈಪ್ ಮಾಡತೊಡಗಿದಳು. ಆತುರದಲ್ಲಿ ಸರಿಯಾದ ಕಾಗುಣಿತವೇ ಬಂದುಬಿಟ್ಟಿತು. ಯಂತ್ರ ತೊದಲಿತು. ಪರೀಕ್ಷಕರು ಕಾಯಲಿಲ್ಲ. ಕೈಯಲ್ಲಿದ್ದ ಪಠ್ಯಸಾರವನ್ನು ತಟ್ಟಿ ಹೇಳಿದರು:

"ಇಲ್ಲಿ ನೋಡಿ, ನಿಮ್ಮ ಕಾಲೇಜಿನ ನೋಟ್ಸೇ. 'ತಂತ್ರಜ್ಞಾನವು ಶಿಕ್ಷಕರ ಧ್ವನಿಗೆ ಪೂರಕವೇ ಹೊರತು ಬದಲಿಯಲ್ಲ.' ಧ್ವನಿಗೆ ಹತ್ತು ಅಂಕ ಇದೆ, ನಾನು ಎಲ್ಲಿಂದ ಕೊಡಲಿ? ಕಾಗುಣಿತಕ್ಕೆ ಹತ್ತು, ಅದೂ ಇಲ್ಲ. ಏನ್ ಮೇಡಂ, ನೀವೇ ಹೇಳಿ."

ಆ ವಾಕ್ಯ ಮೇಡಂ ಬರೆಸಿದ್ದು. ಒಂಬತ್ತು ವರ್ಷ, ಪ್ರತಿ ತಂಡಕ್ಕೂ, 'ಅಡಿಗೆರೆ ಹಾಕ್ಕೊಳ್ಳಿ' ಎಂದು ಹೇಳಿ ಬರೆಸಿದ್ದು. ಎಲ್ಲಿಂದ ತೆಗೆದುಕೊಂಡಿದ್ದು ಎಂಬುದು ಅವರಿಗೇ ನೆನಪಿರಲಿಲ್ಲ.

ರೈಟಕ್ಕ ಮೇಡಂ ಮುಖ ನೋಡಿದಳು. ಹೇಳಬಹುದಿತ್ತು. ಎರಡು ನಿಮಿಷದ ಮಾತು. ಆದರೆ ಆ ಪುಸ್ತಕವನ್ನು ಮೇಡಂ ತೆರೆದೇ ನೋಡಿರಲಿಲ್ಲವಲ್ಲ. ಯಾವ ತಪ್ಪು ಯಾಕೆ ಸರಿ ಎಂದು ಕೇಳಿದರೆ ಏನು ಹೇಳುವುದು? ಇನ್ನೂ ಎರಡು ಪಾಠ ಬಾಕಿ ಇದ್ದವು. ಹೊರಗೆ ಹೊತ್ತು ಇಳಿಯುತ್ತಿತ್ತು.

"ನೋಡೋಣ ಸರ್," ಎಂದರು. ಸಹಿ ಹಾಕಿದರು.

ಸಂಜೆ ಗೇಟಿನ ಹತ್ತಿರ ರೈಟಕ್ಕ ಕಾದು ನಿಂತಿದ್ದಳು. ಟ್ಯಾಬ್ ಎತ್ತಿ ಬೆರಳೊತ್ತಿದಳು. 'ಎಷ್ಟು ಬಂತು ಮೇಡಂ?' ಎಂದು ಯಂತ್ರ ಕೇಳಿತು, ಒಂದು ಅಕ್ಷರವೂ ಜಾರದ ಹಾಗೆ.

"ಶನಿವಾರ ಬೋರ್ಡಿಗೆ ಹಾಕ್ತಾರೆ," ಎಂದು ಮೇಡಂ ಆಟೋ ಹತ್ತಿದ್ದರು.

*

ಮಣ್ಣು ಮಾಡಿ ಬಂದಾಗ ಮೂರು ಗಂಟೆ. ಬಂದವರೆಲ್ಲ ಒಬ್ಬೊಬ್ಬರಾಗಿ ಕರಗಿದರು. ಮೂರು ಕಾಲಿನ ಬೆಂಚು ಅಂಗಳದಲ್ಲಿ ಗೋಡೆಗೆ ಒರಗಿತ್ತು. ಮುಂದಿನ ಕೋಣೆಯಲ್ಲಿ ಗಂಡ, ಡ್ರೈವರ್, ಹುಡುಗಿ, ಮಗಳು, ಮೇಡಂ. ಟ್ಯಾಬ್ ಕಪಾಟಿನ ಮೇಲೆ ಚಾರ್ಜಿಗೆ ಇತ್ತು. ಯಾರೋ ಅಭ್ಯಾಸಬಲದಿಂದ ಹಾಕಿದ್ದಿರಬೇಕು.

ಮೇಡಂ ಅದನ್ನು ನೋಡಿದ್ದನ್ನು ಗಂಡ ನೋಡಿದ.

"ಅದು ಕಾಲೇಜಿಂದಲ್ವಾ? ತಗೊಂಡು ಹೋಗಿ ಮೇಡಂ. ಅವಳೂ ಹೇಳಿದ್ಲು, ಪರೀಕ್ಷೆ ಆದ ಮೇಲೆ ಕೊಟ್ಟುಬಿಡಬೇಕು ಅಂತ." ಅವನು ಎದ್ದು ವೈರು ಬಿಚ್ಚಿ, ಅಂಗಿಯ ಚುಂಗಿನಿಂದ ಪರದೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು ನಿಂತ. ಕೊಡಲಿಲ್ಲ.

"ಪಾಸಾದ್ಲಾ?"

ಹೂಂ ಅಂದುಬಿಟ್ಟರೆ ಮುಗಿಯಿತು. ಶನಿವಾರದ ಬೋರ್ಡು ನೋಡಲು ಈ ಮನೆಯಿಂದ ಇನ್ನು ಯಾರು ಬರುತ್ತಾರೆ? ಮೇಡಂ ಚೀಲವನ್ನು ಕೆಳಗಿಟ್ಟರು.

"ಇಲ್ಲ," ಎಂದರು. "ಒಂಬತ್ತು ಅಂಕ ಕಮ್ಮಿ ಬಿತ್ತು. ಸಹಿ ನಾನೇ ಹಾಕಿದೆ."

ಹುಡುಗಿ ಮುಖ ಮುಚ್ಚಿಕೊಂಡಳು. "ಥತ್," ಎಂದರು ಡ್ರೈವರ್, ಮುಷ್ಟಿಯಿಂದ ತಮ್ಮ ಮಂಡಿಯನ್ನೇ ಗುದ್ದಿಕೊಂಡು.

ಗಂಡ ರೇಗಲಿಲ್ಲ. ಟ್ಯಾಬ್ ತಂದು ಮೇಡಂ ಎದುರು ನೆಲದ ಮೇಲೆ ಇಟ್ಟು, ತಾನೂ ಕುಕ್ಕರಗಾಲಲ್ಲಿ ಕೂತ, ಬಿಚ್ಚಿದ ಇಂಜಿನ್ನಿನ ಮುಂದೆ ಕೂತ ಹಾಗೆ.

"ಎಲ್ಲಿ ಕೆಟ್ಟಿತ್ತು, ತೋರಿಸಿ."

"ಈಗ ಬೇಡ ಇವರೇ—"

"ಇಲ್ಲ ಮೇಡಂ. ಗಾಡಿ ನಿಂತುಹೋಗಿದೆ ಅಂತ ಬರೀ ಬಾಯಲ್ಲಿ ಹೇಳಿದ್ರೆ ನಾನು ಒಪ್ಪಲ್ಲ. ಯಾವ ಭಾಗ ಅಂತ ತೋರಿಸಿ."

ಫೋನು ನಡುಗಿತು. ಪ್ರಿನ್ಸಿಪಾಲರು. ಮೇಡಂ ಎತ್ತಿಕೊಂಡು, ಅವರು ಬಾಯಿ ತೆರೆಯುವ ಮೊದಲೇ, "ಟ್ಯಾಬ್ ನನ್ನ ಹೆಸರಲ್ಲಿ ಬರ್ಕೊಳ್ಳಿ ಸರ್. ಕಳೆದಿದ್ದು ನಾನು ಅಂತ ಬರ್ಕೊಳ್ಳಿ," ಎಂದು ಹೇಳಿ ಇಟ್ಟರು.

ಆಮೇಲೆ ಅವರೂ ನೆಲದ ಮೇಲೆ ಕೂತು ಪಾಠ ತೆರೆದರು. ಬೆರಳೊತ್ತಿದರು.

'ನಮಸ್ತೆ ಮಕ್ಕಳೇ,' ಎಂದಿತು ಯಂತ್ರ.

"ಇದು ತಪ್ಪಾ?" ಗಂಡ ಪರದೆಯ ಮೇಲೆ ಬೆರಳಿಟ್ಟ.

"ಬರೆದಿದ್ದು ತಪ್ಪು."

"ಕೇಳಿಸಿದ್ದು?"

"ಸರಿ."

'ಎಲ್ಲರೂ ಕಿಟಕಿಯಿಂದ ಹೊರಗೆ ನೋಡಿ. ಅಲ್ಲೊಂದು ಮರ ಇದೆ.'

"ಇದು?"

"ಬರೆದಿದ್ದು ತಪ್ಪು. ಕೇಳಿಸಿದ್ದು ಸರಿ."

"ಹಾಗಾದ್ರೆ ಅವತ್ತು ಮಕ್ಕಳು ಓದ್ತಾ ಇದ್ರಾ, ಕೇಳ್ತಾ ಇದ್ರಾ?"

ಮೇಡಂ ಬಾಯಿ ತೆರೆದರು, ಮುಚ್ಚಿದರು. ಯಂತ್ರ ಯಾರಿಗೂ ಕಾಯದೆ ಮುಂದುವರಿಯಿತು.

'ನಿಮಗೆ ಕಾಣಿಸ್ತಿರೋದು ಅರ್ಧ ಮರ ಮಾತ್ರ. ಇನ್ನರ್ಧ ಎಲ್ಲಿದೆ? ಗೊತ್ತಿರೋರು ಕೈಯೆತ್ತಿ.'

ಅಲ್ಲಿಗೆ ಯಂತ್ರ ಸುಮ್ಮನಾಯಿತು. ಪರದೆಯ ಮೇಲೆ ಆ ಸಾಲಿನ ಕೆಳಗೆ ಚುಕ್ಕಿಗಳು, ಬರೀ ಚುಕ್ಕಿಗಳು, ಮೂರು ಸಾಲು ಪೂರ್ತಿ. ಮಕ್ಕಳು ಯೋಚಿಸುವುದಕ್ಕೆ ಎಷ್ಟು ಹೊತ್ತು ಬೇಕೆಂದು ಅವಳು ಎಣಿಸಿ ಇಟ್ಟದ್ದು. ಡ್ರೈವರ್ ತಲೆ ಎತ್ತಲಿಲ್ಲ. ಗಂಡನ ಬೆರಳು ಚುಕ್ಕಿಗಳ ಮೇಲೆ ನಿಂತೇ ಇತ್ತು.

ಬಾಗಿಲ ಹತ್ತಿರ ಕೂತಿದ್ದ ಮಗಳು ನಿಧಾನವಾಗಿ ಕೈಯೆತ್ತಿದಳು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು.

'ಶಭಾಷ್,' ಎಂದಿತು ಯಂತ್ರ. 'ಕೂತ್ಕೋ.'

ಕೂತೇ ಇದ್ದ ಮಗಳು ಕೈ ಇಳಿಸಲಿಲ್ಲ.