ಗೋಡೆಯಾಚೆಗೊಂದು ಓ

"ಒಂದೇ ಜೊತೆ ಹಾವುಗೆ ಸದ್ದು ಕೇಳ್ತಲ್ಲ ತಾಯಿ, ಯಜಮಾನ್ರು ಎಲ್ಲಿ?"

ಬಾಗಿಲನ್ನು ಪೂರ್ತಿ ಸರಿಸುವುದಕ್ಕೂ ಬಿಡದೆ ಯೊನೆ ಅಜ್ಜಿ ಕೇಳಿಯೇಬಿಟ್ಟಳು. ಬಿಸಿನೀರ ಬುಗ್ಗೆಯ ಆ ಊರ ಸ್ನಾನದ ಮನೆಯಲ್ಲಿ ಗಂಡಸರ ಬಾಗಿಲಿಗೂ ಹೆಂಗಸರ ಬಾಗಿಲಿಗೂ ನಡುವಿನ ಎತ್ತರದ ಕಟ್ಟೆಯ ಮೇಲೆ ಕೂತು ಬಂದವರನ್ನು ಒಳಗೆ ಬಿಡುವುದು ಐವತ್ತು ವರ್ಷದಿಂದ ಅವಳ ಕೆಲಸ. ಈಚೆಗೆ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ಯಾರೋ ನಿಂತಿದ್ದಾರೆ ಅನ್ನುವಷ್ಟೇ ತಿಳಿಯುತ್ತಿತ್ತು. ಕಿವಿ ಮಾತ್ರ ಭಾರಿ ಚುರುಕು. ಮರದ ಹಾವುಗೆ ಕಲ್ಲು ಮೆಟ್ಟಿಲ ಮೇಲೆ ಟಕ್ ಅಂದರೆ ಸಾಕು, ಯಾವ ಛತ್ರದಲ್ಲಿ ಇಳಿದವರು, ಹೋದ ವರ್ಷ ಬಂದಿದ್ದರೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದಳು.

ಮಿತ್ಸುಯೊ ಹಾವುಗೆಯ ಹಲ್ಲಿಗೆ ಮೆತ್ತಿದ್ದ ಹಿಮವನ್ನು ಹೊಸ್ತಿಲಿಗೆ ಕುಟ್ಟಿ ಉದುರಿಸಿದಳು. ಇಲ್ಲ ಅಜ್ಜಿ, ಅವರು ಹೋಗಿಬಿಟ್ಟರು ಅಂತ ಹೇಳಬೇಕು. ರೈಲಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದಳು.

"ಹಿಂದೆ ಬರ್ತಿದ್ದಾರೆ" ಅಂದುಬಿಟ್ಟಳು.

ಅಂದಮೇಲೆ ಅವಳಿಗೇ ಗಾಬರಿಯಾಯಿತು. ಅರವತ್ತೇಳು ವರ್ಷದ ಹೆಂಗಸು, ಹೀಗೆ ಕಣ್ಣು ಕಾಣದವಳ ಮುಂದೆ ಹಸಿ ಸುಳ್ಳು ಹೇಳುವುದೇ? ಗಂಡ ತಾತ್ಸುಜಿ ಹೋಗಿ ಎರಡು ವರ್ಷವಾಗುತ್ತ ಬಂದಿತ್ತು. ಜೂನ್ ತಿಂಗಳ ಜಡಿಮಳೆಯಲ್ಲಿ, ತನ್ನ ಅಂಗಡಿಯ ನೆಲದಲ್ಲೇ, ಅರ್ಧ ಹೊಲಿದ ಚಾಪೆಗೆ ಚುಚ್ಚಿದ್ದ ದಬ್ಬಳ ಹಾಗೇ ಇರುವಾಗ ಕುಸಿದಿದ್ದ. ಆಸ್ಪತ್ರೆಯ ದಾರಿಯಲ್ಲೇ ಎಲ್ಲ ಮುಗಿದಿತ್ತು.

"ಹೋದ ಚಳಿಗೆ ಬರ್ಲೇ ಇಲ್ವಲ್ಲ ನೀವು. ಮೂವತ್ತು ವರ್ಷ ಒಂದ್ಸಲಾನೂ ತಪ್ಪಿಸ್ದೇ ಇದ್ದೋರು ತಪ್ಪಿಸ್ಬಿಟ್ರಿ. ಹೋಗು, ಹೋಗು, ನೀರು ಇವತ್ತು ಚೆನ್ನಾಗಿ ಕಾದದೆ" ಅಂದಳು ಅಜ್ಜಿ.

ಮಿತ್ಸುಯೊ ಛತ್ರದವರು ಕೊಟ್ಟ ಹತ್ತಿಯ ನಿಲುವಂಗಿಯನ್ನು ಕಳಚಿ ಬುಟ್ಟಿಯಲ್ಲಿಟ್ಟು ಒಳಗೆ ಹೋದಳು. ಅದೇ ಗಂಧಕದ ವಾಸನೆ, ಅದೇ ಕಪ್ಪಾದ ದೇವದಾರು ಮರದ ತೊಟ್ಟಿ. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಸೂರು ಮುಟ್ಟದ ಅದೇ ಹಲಗೆ ಗೋಡೆ. ಇಲ್ಲಿಗೆ ಬರತೊಡಗಿದ ಹೊಸದರಲ್ಲಿ ತಾತ್ಸುಜಿ ಸೋಪು ತರುವುದನ್ನೇ ಮರೆಯುತ್ತಿದ್ದ. ಇವಳು ಗೋಡೆಯ ಮೇಲಿಂದ ಎಸೆಯುತ್ತಿದ್ದಳು. ಒಂದು ಸಲ ಅದು ಯಾರೋ ಶಾಲಾ ಮೇಷ್ಟರ ಬೋಳು ತಲೆಗೆ ಬಿದ್ದು, ಆಚೆ ಕಡೆ ಗಂಡ ಕ್ಷಮೆ ಕೇಳುವುದನ್ನು ಕೇಳುತ್ತ ಇವಳು ಈಚೆ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಿದ್ದಳು.

ಹೊರಡುವಾಗಲಂತೂ ಕೂಗಲೇಬೇಕು. ಹೊರಗೆ ಮೊಳಕಾಲುದ್ದ ಹಿಮ. ಮಿಂದು ಬಂದವರು ಒಬ್ಬರಿಗೊಬ್ಬರು ಕಾಯುತ್ತ ನಿಂತರೆ ಮೈಗೆ ಹತ್ತಿದ ಬಿಸಿಯೆಲ್ಲ ದಂಡ. ಅದಕ್ಕೇ ಗಂಡಂದಿರು "ಏಯ್, ಹೊರಟೆ ಕಣೇ" ಅಂತ ಗೋಡೆಯಾಚೆಯಿಂದ ಕೂಗುವುದು, ಹೆಂಡತಿಯರು ಈಚೆಯಿಂದ ಓಗೊಡುವುದು. ಮೂವತ್ತು ವರ್ಷ ತಾತ್ಸುಜಿ ಕೂಗಿದ್ದ. ಇಪ್ಪತ್ತೊಂಬತ್ತು ವರ್ಷ ಇವಳು ಓಗೊಟ್ಟಿದ್ದಳು.

ಕೊನೆಯ ಸಲ ಆಗಿದ್ದೇನು ಅಂತ ನೆನೆದರೆ ಈಗಲೂ ನಾಚಿಕೆಯಾಗುತ್ತಿತ್ತು. ಛತ್ರದಲ್ಲಿ ಬೆಳಗಿನ ಊಟಕ್ಕೆ ಕೂತಾಗ ತಾತ್ಸುಜಿ ಮೂಲಂಗಿಯ ಉಪ್ಪಿನಕಾಯಿ ಕಚ್ಚಿ, ಬಡಿಸುವ ಹುಡುಗಿಯ ಮುಂದೆ, "ಉಪ್ಪಿನಕಾಯಿ ಅಂದ್ರೆ ಇದಪ್ಪಾ" ಅಂದ. ಅಷ್ಟೇ. ಮಿತ್ಸುಯೊ ಮದುವೆಯಾಗಿ ಬಂದ ದಿನದಿಂದ ಮನೆಯಲ್ಲಿ ಉಪ್ಪಿನಕಾಯಿ ಹೂತಿಡುವ ಜಾಡಿಯ ತೌಡಿಗೆ ದಿನಾ ಕೈಹಾಕಿ ಕಲಸಿದವಳು; ಹೆರಿಗೆಯ ಮಾರನೆಯ ವಾರ ಕೂಡ ಬಿಟ್ಟವಳಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸಂಜೆ ಗೋಡೆಯಾಚೆಯಿಂದ ಕೂಗು ಬಂದಾಗ ಕತ್ತಿನವರೆಗೂ ನೀರಲ್ಲಿ ಮುಳುಗಿ ಸುಮ್ಮನೆ ಕೂತಳು. ಎರಡನೆಯ ಸಲ ಕೂಗಿದ. ಕಾಯಲಿ, ಅಂದುಕೊಂಡಳು.

ಹೊರಗೆ ಬಂದಾಗ ಮುಕ್ಕಾಲು ಗಂಟೆ ಕಳೆದಿತ್ತು. ಅವನು ಬಾಗಿಲೆದುರಿನ ಕಂಬಕ್ಕೊರಗಿ ನಿಂತಿದ್ದ. ಹೆಗಲ ಮೇಲಿನ ಒದ್ದೆ ಟವೆಲು ಹೆಪ್ಪುಗಟ್ಟಿ ಹಲಗೆಯಾಗಿತ್ತು. ಪ್ರತಿ ವರ್ಷ ಅದನ್ನು ಕಂಬಕ್ಕೆ ಟಕಟಕ ಬಡಿದು "ನೋಡೇ, ಟವೆಲಲ್ಲಿ ಮೊಳೆ ಹೊಡೀಬೋದು" ಅನ್ನುತ್ತಿದ್ದ ಮನುಷ್ಯ, ಅವತ್ತು, "ಮೈ ಚೆನ್ನಾಗಿ ಬಿಸಿಯಾಯ್ತಾ?" ಅಂತಷ್ಟೇ ಕೇಳಿದ. ಇವಳು ಅದಕ್ಕೂ ಮಾತಾಡಲಿಲ್ಲ. ಊರಿಗೆ ಹೋದಮೇಲೆ ಎಲ್ಲ ಮೊದಲಿನಂತೆ ಆಯಿತು, ನಿಜ. ಆದರೆ ಅದೊಂದು ಮಾತು ಉಳಿದುಹೋಯಿತು. ಮುಂದಿನ ವರ್ಷ ಇಲ್ಲಿಗೆ ಬಂದಾಗ ಜೋರಾಗಿ ಓಗೊಟ್ಟರೆ ಅವನಿಗೇ ಅರ್ಥವಾಗುತ್ತದೆ ಅಂದುಕೊಂಡಿದ್ದಳು. ಈಗ ಆ ಒಂದು 'ಓ'ಗಾಗಿಯೇ ಒಬ್ಬಳೇ ಬಂದಿದ್ದಳು. ಕೂಗುವವನು ಇಲ್ಲದ ಕಡೆ ಏನಂತ ಓಗೊಡುವುದು ಅನ್ನುವುದು ಮಾತ್ರ ಅವಳಿಗೂ ತಿಳಿದಿರಲಿಲ್ಲ.

ತೊಟ್ಟಿಯಲ್ಲಿ ಇನ್ನೊಬ್ಬಳು ಮಾತ್ರ ಇದ್ದಳು, ನಲವತ್ತರ ಆಸುಪಾಸಿನವಳು. ಹೆಸರು ರಿತ್ಸುಕೊ ಅಂದಳು. ಮುಖ ಗಂಟಿಕ್ಕಿಕೊಂಡು ಗದ್ದದವರೆಗೂ ನೀರಲ್ಲಿದ್ದಳು.

"ನೀರು ತುಂಬ ಬಿಸೀನಾ?" ಮಿತ್ಸುಯೊ ಕೇಳಿದಳು.

"ನೀರಲ್ಲಮ್ಮಾ, ನಾನೇ ಕುದೀತಾ ಇದೀನಿ" ಅಂದಳು ರಿತ್ಸುಕೊ. "ರೈಲಲ್ಲಿ ಸ್ವಲ್ಪ ಕಣ್ಣು ಮುಚ್ಚಿದ್ದೆ. ಎದ್ದು ನೋಡಿದ್ರೆ ಎರಡೂ ಊಟದ ಡಬ್ಬಿ ಖಾಲಿ! ನಂದೂ ತಿಂದು ಕೂತಿದ್ದಾರೆ ಆ ಮಹಾರಾಯರು. ಕೇಳಿದ್ರೆ, ನೀನು ಮಲಗಿದ್ದೆ, ತಣ್ಣಗಾಗ್ಬಿಡುತ್ತೆ ಅಂತ ತಿಂದೆ ಅಂತಾರೆ. ಅದು ಕೊಳ್ಳುವಾಗ್ಲೇ ತಣ್ಣಗಿತ್ತು!"

ಮಿತ್ಸುಯೊ ನಗು ತಡೆಯಲಾರದೆ ಮುಖಕ್ಕೆ ನೀರು ಎರಚಿಕೊಂಡಳು. ಅಷ್ಟರಲ್ಲೇ ಗೋಡೆಯಾಚೆ ಮರದ ಬೋಗುಣಿಯೊಂದು ನೆಲಕ್ಕೆ ಬಡಿಯಿತು.

"ಏಯ್, ನಾನ್ ಹೊರಟೆ ಕಣೇ!"

ತಾತ್ಸುಜಿಯ ಗಂಟಲಲ್ಲ. ಅವನದು ಇನ್ನೂ ದಪ್ಪ, ಸ್ವಲ್ಪ ಒಡಕು. ಆದರೂ ಮಿತ್ಸುಯೊ ಗೋಡೆಯ ಕಡೆ ತಿರುಗಿದಳು. ರಿತ್ಸುಕೊ ತುಟಿ ಬಿಗಿದು, ಕಿಟಕಿಯ ಕಡೆ ತಿರುಗಿ ಕೂತಳು.

"ಕೇಳಿಸ್ತೇನೇ? ಹೊರಟೆ!"

ಮೇಲಿನ ತೊಲೆಯಿಂದ ನೀರು ತೊಟ್ಟಿಕ್ಕುವುದು ಬಿಟ್ಟರೆ ಸದ್ದೇ ಇಲ್ಲ. ಆಚೆ ಕಡೆ ಆ ಮನುಷ್ಯ ಕಿವಿಗೊಟ್ಟು ನಿಂತಿರುವುದು ಮಿತ್ಸುಯೊಗೆ ಕಂಡಹಾಗೇ ಆಯಿತು. ಅಯ್ಯೋ, ಹೀಗೇ ನಿಂತಿದ್ದರಲ್ಲ ಅವರೂ, ಮೈಯೆಲ್ಲ ಒದ್ದೆ ಮಾಡಿಕೊಂಡು!

"ಹ್ಞೂಂ ರೀ, ಬಂದೇ!"

ಸೂರಿನವರೆಗೂ ಮುಟ್ಟಿತು ಅವಳ ಕೂಗು. ಎರಡು ವರ್ಷದಿಂದ ಅಷ್ಟು ಜೋರಾಗಿ ಅವಳು ಬಾಯಿ ಬಿಟ್ಟಿರಲಿಲ್ಲ. ರಿತ್ಸುಕೊ ಸರಕ್ಕನೆ ತಿರುಗಿದಳು.

ಆಚೆ ಕಡೆ ಬೋಗುಣಿ ಮತ್ತೊಮ್ಮೆ ಸದ್ದು ಮಾಡಿತು. ಆಮೇಲೆ, "ಗಂಟಲು ಯಾಕೆ ಹಂಗಾಗಿದೆ? ಶೀತ ಆಯ್ತಾ?"

ರಿತ್ಸುಕೊ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು, ಭುಜ ಅಲುಗಾಡುತ್ತಿತ್ತು. "ಅಯ್ಯಯ್ಯೋ, ಅದು ನನ್ನ ಗಂಡ ಅಮ್ಮಾ! ನೀವ್ಯಾಕೆ ಓ ಅಂದ್ರಿ?" ಅಂತ ಪಿಸುಗುಟ್ಟಿದಳು.

"ತಪ್ಪಾಯ್ತು. ಬಾಯಿಗೆ ತಾನಾಗೇ ಬಂದ್ಬಿಡ್ತು" ಅಂದಳು ಮಿತ್ಸುಯೊ. ಮುಖ ಕೆಂಪಗಾಗಿತ್ತು. "ನಮ್ಮನೆಯವರನ್ನ ಒಂದ್ಸಲ ಕಾಯಿಸಿದ್ದೆ, ಇದೇ ಜಾಗದಲ್ಲಿ, ಇಷ್ಟೇ ವಿಷಯಕ್ಕೆ."

"ಎಷ್ಟು ಹೊತ್ತು?"

"ಟವೆಲು ಹಲಗೆ ಆಗೋವರೆಗೆ."

ರಿತ್ಸುಕೊ ನಗುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿದಳು. ಆಮೇಲೆ ನೀರಿನಿಂದ ಎದ್ದು, "ಹೊರಗೆ ಮೊಟ್ಟೆ ಬೇಯಿಸಿ ಮಾರ್ತಾರಲ್ಲ, ಮೂರು ಕೊಡಿಸ್ಲಿಲ್ಲ ಅಂದ್ರೆ ಮಾತ್ರ ಬಿಡಲ್ಲ ಅವರನ್ನ" ಅಂತ ಗೊಣಗುತ್ತ ಹೋದಳು. ಬಾಗಿಲ ಹತ್ತಿರ ನಿಂತು ಮಿತ್ಸುಯೊ ಕಡೆಗೆ ಒಮ್ಮೆ ತಲೆಬಾಗಿಸಿದಳು.

ಮಿತ್ಸುಯೊ ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು. ಗೋಡೆಯಾಚೆ ಈಗ ಯಾರೂ ಇರಲಿಲ್ಲ. ಅಳು ಬಂತು, ಬಿಸಿನೀರಿನಲ್ಲಿ ಅಳುವುದು ಅನುಕೂಲ, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಚೆನ್ನಾಗಿ ಅತ್ತು, ಮುಖ ತೊಳೆದುಕೊಂಡು, ನಿಲುವಂಗಿ ತೊಟ್ಟು, ಮೇಲೆ ದಪ್ಪ ಅಂಗಿ ಹಾಕಿಕೊಂಡು ಹೊರಬಂದಳು.

"ಯಜಮಾನ್ರು ಆಗ್ಲೇ ಹೊರಗೆ ಹೋದ್ರು ತಾಯಿ" ಅಂದಳು ಯೊನೆ ಅಜ್ಜಿ, ಕಟ್ಟೆಯ ಮೇಲಿಂದ ಬಾಗಿ. "ಕೇಳಿಸ್ಕೊಂಡೆ ನಿಮ್ಮ ಕೂಗಾಟನಾ, ನೀನು ಓ ಅಂದಾಗ್ಲೇ ಅವರೇ ಅಂತ ಗೊತ್ತಾಯ್ತು. ಗಂಟಲು ಹಂಗೇ ಅದೆ ನೋಡು ಅವರ್ದು, ಒಂದಿಷ್ಟೂ ಬದಲಾಗಿಲ್ಲ."

ಮಿತ್ಸುಯೊ ಹಾವುಗೆಗೆ ಕಾಲು ತೂರಿಸುತ್ತಿದ್ದವಳು ಹಾಗೇ ನಿಂತಳು.

"ಈ ಸಲ ಕಾಯಿಸ್ಬೇಡ ಕಣವ್ವ. ಹಿಂದ್ಲ ಸಲ ಬಂದಾಗ ಪಾಪ, ಎಷ್ಟು ಹೊತ್ತು ನಿಂತಿದ್ರು! ಒಳಗೆ ಬಂದು ಒಲೆ ಹತ್ರ ಕೂತ್ಕಳಿ ಅಂದ್ರೆ, ಬೇಡ ಅಜ್ಜಿ, ಅವಳು ಬಂದಾಗ ನಾನಿಲ್ಲಿ ಕಾಣ್ದೆ ಇದ್ರೆ ಬಿಟ್ಟು ಹೊರಟೋದ ಅಂದ್ಕತಾಳೆ ಅಂದ್ರು. ಏನಾಯ್ತಪ್ಪಾ ಅಂದೆ. ಉಪ್ಪಿನಕಾಯಿ ವಿಷಯಕ್ಕೆ ಬಾಯಿ ಜಾರ್ತು ಅಜ್ಜಿ, ಇವತ್ತು ನನಗಿದೆ, ಅಂತ ನಗ್ತಾವ್ರೆ, ಚಳೀಲಿ ಹಲ್ಲು ಕಟಕಟ ಅಂತದೆ!"

ಅವರಿಗೆ ಗೊತ್ತಿತ್ತು. ಯಾಕೆ ಕಾಯುತ್ತಿದ್ದೇನೆ ಅಂತ ಗೊತ್ತಿದ್ದೂ ನಗುತ್ತ ಕಾದಿದ್ದರು. ಮಿತ್ಸುಯೊ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಅಜ್ಜಿ..." ಅಂದಳು. ಯೊನೆ ಅಜ್ಜಿ ಮಂಜುಗಣ್ಣನ್ನು ಅವಳ ಕಡೆಗೆ ತಿರುಗಿಸಿ ಕಾದಳು. "ಹೋಗ್ಬರ್ತೀನಿ ಅಜ್ಜಿ."

ಹೊರಗೆ ಹೊತ್ತು ಇಳಿಯುತ್ತಿತ್ತು. ಬುಗ್ಗೆಯ ಹಬೆ ಬೀದಿಯುದ್ದಕ್ಕೂ ತೇಲುತ್ತಿತ್ತು. ದೂರದಲ್ಲಿ ಮೊಟ್ಟೆಯಂಗಡಿಯ ಮುಂದೆ ರಿತ್ಸುಕೊ ಏನೋ ಗದರುತ್ತಿದ್ದಳು, ಎತ್ತರದ ಗಂಡಸೊಬ್ಬ ಬಗ್ಗಿ ಅವಳಿಗೆ ಮೊಟ್ಟೆ ಸುಲಿದುಕೊಡುತ್ತಿದ್ದ. ಬಾಗಿಲೆದುರಿನ ಆ ಕಂಬದ ಬುಡದಲ್ಲಿ ಹಾವುಗೆಯ ಹಲ್ಲಿನ ಗುರುತುಗಳು ಹಿಮದಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಮಿತ್ಸುಯೊ ಅಲ್ಲಿ ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಒದ್ದೆ ಟವೆಲನ್ನು ಹೆಗಲ ಮೇಲೆ ಹರಡಿಕೊಂಡಳು.

ಬೀದಿಯ ದೀಪಗಳು ಹತ್ತಿದವು. ಕಾಲ್ಬೆರಳು ಮೊದಲು ಮರಗಟ್ಟಿತು, ಆಮೇಲೆ ಕಿವಿ. ಬಾಗಿಲು ಮುಚ್ಚಿದ್ದರೂ ಒಳಗಿನಿಂದ ಅಜ್ಜಿಯ ದನಿ ಬಂತು. ಹೊರಟ ಹಾವುಗೆಯ ಸದ್ದು ಕೇಳಿಸಲಿಲ್ಲವೆಂದು ಅವಳಿಗೆ ಅನುಮಾನ ಬಂದಿರಬೇಕು.

"ಸಿಕ್ಕಿದ್ರೇನವ್ವಾ?"

"ಹ್ಞೂಂ ಅಜ್ಜಿ" ಅಂತ ಕೂಗಿದಳು ಮಿತ್ಸುಯೊ. "ಸಿಕ್ಕಿದ್ರು."

ಹೆಗಲ ಮೇಲಿನ ಟವೆಲನ್ನು ತೆಗೆದು ನೋಡಿದಳು. ಗಟ್ಟಿಯಾಗಿತ್ತು. ಮೆಲ್ಲಗೆ ಅದನ್ನು ಕಂಬಕ್ಕೆ ಎರಡು ಸಲ ಬಡಿದಳು.