ಮೊದಲಿನ ಅರ್ಧ

"ನಿನ್ನ ಕಡೆ ಇರೂ ಪುಸ್ತಕದ ಅರ್ಧಾ ಕೊಟ್ಟರ ಹೋಕ್ಕೇನಿ," ಎಂದ ರಾಯಪ್ಪ, ಕಂಬಳಿಯ ಧೂಳು ಕೊಡವುತ್ತ. "ಬರೂ ವರ್ಷ ಮತ್ತ ಪರೀಕ್ಷಾಕ್ಕ ಕುಂದರತೇನಿ. ಅಲ್ಲೋ ದುಂಡಪ್ಪಾ, ಮೂರ ತಿಂಗಳದಾಗ ಹೊಟ್ಟಿ ಬಂತಲ್ಲೋ. ಗೋಕಾಕದ ನೀರ ಹತ್ತೇತಿ ನಿನಗ."

ಶಾಲೆ ಬಿಟ್ಟು ಅರ್ಧ ತಾಸಾಗಿತ್ತು. ದುಂಡಪ್ಪ ನಗಲಿಲ್ಲ. ಮೇಜಿನ ಖಾನೆಯ ಮೇಲೆ ಇಟ್ಟ ಕೈಯನ್ನು ಹಾಗೆಯೇ ಇಟ್ಟುಕೊಂಡು ಕುಳಿತಿದ್ದ.

ಇಬ್ಬರೂ ಹದಿನೈದು ವರ್ಷ ಮೂಡಲಗಿಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು. ಮೂವತ್ತಾರನೆಯ ಇಸವಿಯಲ್ಲಿ ಗೋಕಾಕದ ಈ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಒಂದು ಜಾಗ ತೆರವಾಯಿತು. ಇಬ್ಬರೂ ಪರೀಕ್ಷೆಗೆ ಹೆಸರು ಕೊಟ್ಟರು. ಸಿಕ್ಕದ್ದು ಒಂದೇ ವ್ಯಾಕರಣದ ಪುಸ್ತಕ. ರಾಯಪ್ಪನೇ ಮನೆಯಿಂದ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತಂದು ಅದನ್ನು ಎರಡು ಹೋಳು ಮಾಡಿದ. ಮೊದಲಿನ ಅರ್ಧ ದುಂಡಪ್ಪನಿಗೆ, ಉಳಿದದ್ದು ತನಗೆ. ಒಬ್ಬೊಬ್ಬನೂ ತನ್ನ ಪಾಲಿನದನ್ನು ಓದಿ ಇನ್ನೊಬ್ಬನಿಗೆ ಹೇಳಿಕೊಡಬೇಕು ಎಂದು ಮಾತಾಯಿತು.

ರಾಯಪ್ಪ ಒಂದು ಪಾಠವನ್ನೂ ಬಿಡಲಿಲ್ಲ. ದುಂಡಪ್ಪನಿಗೆ ತಿಳಿಯದ್ದನ್ನು ಮೂರು ಮೂರು ಸಲ ಹೇಳಿದ. ಪರೀಕ್ಷೆಯ ಹಿಂದಿನ ದಿನ ಕೇಳಿದ್ದ: "ನಿನ್ನ ಪಾಲಿಂದು ಇನ್ನೇನಾರ ಉಳದೈತೇನೋ?"

"ಏನೂ ಇಲ್ಲ," ಎಂದಿದ್ದ ದುಂಡಪ್ಪ.

ಒಂದು ಪಾಠ ಉಳಿದಿತ್ತು. ಇಬ್ಬರು ಪರಸ್ಪರ ಮಾಡಿದರೆ ಈಚ್ ಅದರ್, ಹೆಚ್ಚು ಜನ ಮಾಡಿದರೆ ಒನ್ ಅನದರ್ ಎನ್ನಬೇಕು. ಒಂದೇ ಪುಟದ ಪಾಠ. ಮುಚ್ಚಿಡಬೇಕೆಂದು ಅವನು ಮೊದಲೇ ಯೋಚಿಸಿರಲಿಲ್ಲ. ರಾಯಪ್ಪ ತನಗಿಂತ ಜಾಣ ಎಂಬುದು ಗೊತ್ತಿತ್ತು, ಅಷ್ಟೇ. ಮರುದಿನ ಅದರ ಮೇಲೆಯೇ ಐದು ವಾಕ್ಯ ಬಂದವು. ರಾಯಪ್ಪ ಹಿಂದೆ ಬಿದ್ದದ್ದು ಮೂರು ಅಂಕಗಳಿಂದ; ಜಾಗ ದುಂಡಪ್ಪನಿಗೆ ಸಿಕ್ಕಿತು.

ಕದ್ದ ಸಾಮಾನನ್ನಾದರೂ ತಿರುಗಿ ಕೊಡಬಹುದು. ಹೇಳದೆ ಉಳಿಸಿಕೊಂಡದ್ದನ್ನು ಹೇಗೆ ಕೊಡುವುದೆಂದು ಈ ಮೂರು ತಿಂಗಳಲ್ಲಿ ದುಂಡಪ್ಪನಿಗೆ ಹೊಳೆದಿರಲಿಲ್ಲ. ಹುಡುಗರು ಪುಸ್ತಕ ಹರಿದರು ಎಂದು ಹೇಳಲು ಈಗಲೂ ಬಾಯಿ ತೆರೆದ. ಮತ್ತೆ ಮುಚ್ಚಿದ. ಖಾನೆ ಎಳೆದು ಮೊದಲಿನ ಅರ್ಧ ತೆಗೆದುಕೊಟ್ಟ.

ರಾಯಪ್ಪ ಹುಡುಗರ ಬಾಕಿನ ಮೇಲೆ ಕುಳಿತು ಚೀಲದಿಂದ ತನ್ನ ಅರ್ಧ, ದಬ್ಬಣ, ಕರಿ ಉಣ್ಣೆಯ ದಾರ ತೆಗೆದ. ಎರಡನ್ನೂ ಸೇರಿಸಿ ಹೊಲಿಯುವ ಮೊದಲು ಪುಟಗಳು ಸರಿಯಾಗಿವೆಯೇ ಎಂದು ತಿರುವಿದ. ಒಂದು ಕಡೆ ಕೈ ನಿಂತಿತು. ತುಟಿಗಳು ಅಲುಗಾಡಿದವು.

"ಇದನ್ನ ನೀ ನನಗ ಹೇಳಿರಲಿಲ್ಲಲ್ಲ."

"ಇಲ್ಲ."

"ಮರತಿದ್ದಿ ಏನ?"

ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು.

"ಮರತಿರಲಿಲ್ಲೋ, ರಾಯಪ್ಪಾ."

ಹೊರಗೆ ಟಾಂಗಾ ಒಂದು ಗಂಟೆ ಬಾರಿಸುತ್ತ ಹೋಯಿತು. ರಾಯಪ್ಪ ದಬ್ಬಣವನ್ನು ಪಕ್ಕಕ್ಕಿಟ್ಟ. ಯಾರೋ ಹುಡುಗ ಬಿಟ್ಟುಹೋಗಿದ್ದ ಪಾಟಿಯನ್ನು ಎತ್ತಿಕೊಂಡು, ಕಂಬಳಿಯ ಅಂಚಿನಿಂದ ಒರೆಸಿ, ತೊಡೆಯ ಮೇಲಿಟ್ಟುಕೊಂಡ.

"ಹಂಗಾರ ಈಗ ಹೇಳ್ರಿ, ಮಾಸ್ತರ," ಎಂದ.

ಹದಿನೈದು ವರ್ಷದಲ್ಲಿ ಅವನು ದುಂಡಪ್ಪನಿಗೆ 'ರಿ' ಹಚ್ಚಿದ್ದು ಅದೇ ಮೊದಲು.

ದುಂಡಪ್ಪ ಎದ್ದು ಸೀಮೆಸುಣ್ಣದ ಖಡು ತೆಗೆದುಕೊಂಡು ಹಲಗೆಯ ಕಡೆ ತಿರುಗಿದ. ಖಡು ಒಂದು ಸಲ ಮುರಿಯಿತು. ಉಳಿದ ತುಂಡಿನಿಂದ ಬರೆಯತೊಡಗಿದ. ಬೆನ್ನ ಹಿಂದೆ ಪಾಟಿಯ ಮೇಲೆ ಬಳಪ ಕಿರುಗುಟ್ಟುವುದು ಕೇಳಿಸುತ್ತಿತ್ತು.